ಈ ತುಂಡು ಯಾರದು? ಬೆಳಗಾವಿಯಿಂದ ವಿಜಯಪುರಕ್ಕೆ ಆರು ದಿನ

ಹೊಲದ ಬದುವಿನ ಜಗಳ ನೋಡಿದವರಿಗೆ ಇದು ಗೊತ್ತು. ಎರಡು ಹೊಲದ ನಡುವಿನ ಆ ಒಂದು ಮೊಳ ನೆಲವನ್ನು ಬಿತ್ತುವಾಗ ಇಬ್ಬರೂ ತಮ್ಮದೆನ್ನುತ್ತಾರೆ, ಕಸ ತೆಗೆಯುವಾಗ ಇಬ್ಬರೂ ತಮ್ಮದಲ್ಲ ಎನ್ನುತ್ತಾರೆ. ನಮ್ಮ ಕಡೆ ರಸ್ತೆ ಕೆಡುವುದು, ಗೇಟಿನಲ್ಲಿ ವಾಹನ ನಿಲ್ಲುವುದು, ಕೆಳಸೇತುವೆಯಲ್ಲಿ ನೀರು ತುಂಬುವುದು ಹೆಚ್ಚಾಗಿ ಇಂಥ ಬದುಗಳಲ್ಲೇ. ಒಂದು ಇಲಾಖೆಯ ಹದ್ದು ಮುಗಿದು ಇನ್ನೊಂದರದು ಶುರುವಾಗುವ ಜಾಗ ಅದು. ದೂರು ಬರೆಯುವವರು 'ಯಾಕೆ ಮಾಡಿಲ್ಲ' ಎಂದು ಕೇಳುತ್ತಾರೆ, ಉತ್ತರ ಬರುವುದಿಲ್ಲ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ 'ಈ ತುಂಡು ಯಾರದು' ಎಂಬುದು. ಈ ಆರು ದಿನದ ದಾರಿ ಆ ಪ್ರಶ್ನೆಯನ್ನು ಹಿಡಿದೇ ಸಾಗುತ್ತದೆ.

ಚೀಲದಲ್ಲಿ ಐದು ಮೀಟರಿನ ಟೇಪು, ನೋಟು ಪುಸ್ತಕ, ಫೋಟೋದ ಮೇಲೆ ತಾರೀಖು ಮತ್ತು ಜಾಗ ಮೂಡಿಸುವ ಮೊಬೈಲ್ ಆ್ಯಪ್, ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿಯ ಶುಲ್ಕಕ್ಕೆ ಹತ್ತು ರೂಪಾಯಿಯ ಆರೇಳು ಪೋಸ್ಟಲ್ ಆರ್ಡರ್ ಇದ್ದರೆ ಸಾಕು.

ಮೊದಲ ದಿನ: ಬೆಳಗಾವಿ ಊರೊಳಗೆ

ಬೆಳಗಾವಿ ರೈಲು ನಿಲ್ದಾಣದ ಹೊಸ ರೂಪ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿ ಮಾರ್ಗವನ್ನು ಸಮರ್ಪಿಸಿದ್ದೂ ಅದೇ ದಿನ. 2025ರ ಆಗಸ್ಟ್ 10ರಿಂದ ಬೆಂಗಳೂರಿಗೆ ವಂದೇ ಭಾರತ್ ಕೂಡ ಇದೆ. ಕಟ್ಟಡ ಚೆನ್ನಾಗಿದೆ. ಆದರೆ ನಿಲ್ದಾಣವನ್ನು ಅಳೆಯಬೇಕಾದದ್ದು ಮುಂಭಾಗದಿಂದಲ್ಲ. ಗಾಲಿಕುರ್ಚಿಯವರು, ಮಂಡಿ ನೋವಿನ ಹಿರಿಯರು, ಎರಡು ಕೈಯಲ್ಲೂ ಗಂಟು ಹಿಡಿದ ತಾಯಂದಿರು ಆಟೋ ಇಳಿದಲ್ಲಿಂದ ಬೋಗಿಯ ಬಾಗಿಲಿನವರೆಗೆ ಹೇಗೆ ಹೋಗುತ್ತಾರೆ ಎಂಬುದೇ ಅಳತೆ.

ಆ ದಾರಿಯನ್ನು ಒಮ್ಮೆ ಹಾಗೇ ನಡೆಯಿರಿ. ಇಳಿಜಾರು 1:12 ಇರಬೇಕು, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಟೇಪು ಹಿಡಿದರೆ ಎರಡು ನಿಮಿಷದ ಕೆಲಸ. ಎತ್ತರದ ಪ್ಲಾಟ್‌ಫಾರಂ ಹಳಿಯ ತಲೆಯಿಂದ 760ರಿಂದ 840 ಮಿಲಿಮೀಟರ್ ಇರುತ್ತದೆ. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಯ ನೆಲ ಇರುವುದು ಸುಮಾರು 1.3 ಮೀಟರ್ ಎತ್ತರದಲ್ಲಿ. ಎಷ್ಟೇ ಎತ್ತರದ ಪ್ಲಾಟ್‌ಫಾರಂ ಆದರೂ ಅರ್ಧ ಮೀಟರಿನಷ್ಟು ಹತ್ತುವುದು ಉಳಿದೇ ಇರುತ್ತದೆ, ಆದ್ದರಿಂದಲೇ ಎತ್ತಿಡುವ ರ‍್ಯಾಂಪ್ ಬೇಕು. ಸಣ್ಣ ನಿಲ್ದಾಣಗಳಲ್ಲಿ 455 ಮಿಲಿಮೀಟರಿನ ಮಧ್ಯಮ ಪ್ಲಾಟ್‌ಫಾರಂ, ಕೆಲವೆಡೆ ಹಳಿಯ ಮಟ್ಟದ್ದೇ ಇದೆ. ಈ ಎತ್ತರ ಅಳೆಯಲು ಹಳಿಗೆ ಇಳಿಯಬೇಡಿ, ಅದು ಅಪಾಯ ಮಾತ್ರವಲ್ಲ, ರೈಲ್ವೆ ಕಾಯ್ದೆಯ 147ನೇ ಕಲಮಿನ ಅಪರಾಧ. ಅಂಕಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕೊಡಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡನ್ನೂ ಹೆಸರಿಸಿ ಸೌಲಭ್ಯ ಕೇಳುತ್ತದೆ. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದೇ ಕಾಯ್ದೆ ಕೊಟ್ಟದ್ದು ನಿಯಮ ಬಂದ ದಿನದಿಂದ ಐದು ವರ್ಷ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಯಾವಾಗ ಮುಗಿಯಿತೆಂದು ಬೆರಳೆಣಿಸಿದರೆ ತಿಳಿಯುತ್ತದೆ.

ಮಧ್ಯಾಹ್ನ ಮೇಲ್ಸೇತುವೆಗಳ ಕಡೆಗೆ. ಹಳಿ ಬೆಳಗಾವಿಯನ್ನು ನಡುವೆಯೇ ಸೀಳುತ್ತದೆ. ಗೋಗಟೆ ಸರ್ಕಲ್, ಕಪಿಲೇಶ್ವರ, ತಿಳಕವಾಡಿಯ ಗೇಟುಗಳು ಊರವರ ನಿತ್ಯದ ಮಾತಿನಲ್ಲಿ ಬರುವುದು ಅದಕ್ಕೇ. ಮೇಲ್ಸೇತುವೆಯ ಮೇಲೆ ಬೈಕು ಎಲ್ಲಿ 'ಧಡ್' ಎನ್ನುತ್ತದೆ ಗಮನಿಸಿ. ಹೆಚ್ಚಿನ ಸೇತುವೆಗಳಲ್ಲಿ ಆ ಸದ್ದು ಎರಡೇ ಜಾಗದಲ್ಲಿ ಬರುತ್ತದೆ. ಒಂದು, ಮಣ್ಣು ತುಂಬಿದ ಏರು ಮುಗಿದು ಕಾಂಕ್ರೀಟ್ ಶುರುವಾಗುವಲ್ಲಿ. ಸರಿಯಾಗಿ ಪದರ ಪದರವಾಗಿ ದಮ್ಮಸ್ಸು ಮಾಡದ ಮಣ್ಣು ಎರಡು ಮಳೆಗಾಲದಲ್ಲಿ ಕುಸಿಯುತ್ತದೆ, ಕಾಂಕ್ರೀಟ್ ಕುಸಿಯುವುದಿಲ್ಲ. ಇನ್ನೊಂದು, ಹಳಿಯ ಮೇಲಿನ ಅಂಕಣಕ್ಕೂ (ಎರಡು ಕಂಬಗಳ ನಡುವಿನ ಸೇತುವೆಯ ತುಂಡು) ಪಕ್ಕದ ಅಂಕಣಕ್ಕೂ ನಡುವಿನ ಕೂಡುಪಟ್ಟಿಯಲ್ಲಿ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದಕ್ಕೆಂದು ಬಿಟ್ಟ ಸಂದಿಗೆ ರಬ್ಬರ್ ಪಟ್ಟಿ ಹಾಕಿರುತ್ತಾರೆ. ಅದು ಹರಿದರೆ ನೀರು ಇಳಿದು ಕೆಳಗಿನ ಬೇರಿಂಗಿಗೆ ಹೋಗುತ್ತದೆ. ಹಳಿಯ ಮೇಲಿನ ಅಂಕಣ ಸಾಮಾನ್ಯವಾಗಿ ರೈಲ್ವೆಯದು, ಎರಡೂ ಕಡೆಯ ಏರು ರಾಜ್ಯದ್ದು. ಕೂಡುಪಟ್ಟಿ ಇರುವುದೇ ಬದುವಿನ ಮೇಲೆ. ಆದ್ದರಿಂದ ಕೇಳಬೇಕಾದ ಕಾಗದ ಒಂದೇ: ಸೇತುವೆಯ ಹಸ್ತಾಂತರ ಪತ್ರ. ಯಾವ ಕಂಬದಿಂದ ಯಾವ ಕಂಬದವರೆಗೆ ನಿರ್ವಹಣೆ ಯಾರದೆಂದು ಅದರಲ್ಲಿರುತ್ತದೆ. ಹಸ್ತಾಂತರವೇ ಆಗಿಲ್ಲ ಎಂಬ ಉತ್ತರ ಬಂದರೆ ಅದೂ ದೊಡ್ಡ ಉತ್ತರ, ಆಗ ಕಟ್ಟಿದವರ ಹೊಣೆ ಇನ್ನೂ ಮುಗಿದಿಲ್ಲ.

ಬೆಳಗಾವಿಯ ರಸ್ತೆಗಳಿಗೆ ಇನ್ನೊಂದು ತೊಡಕು. ಒಂದೇ ರಸ್ತೆ ಮಹಾನಗರ ಪಾಲಿಕೆಯಲ್ಲಿ ಶುರುವಾಗಿ ಕಂಟೋನ್ಮೆಂಟ್ ಮಂಡಳಿಯ ಹದ್ದಿಗೆ ಹೋಗುತ್ತದೆ. ಕೆಲವು ಲೋಕೋಪಯೋಗಿ ಇಲಾಖೆಯವು, ಕೆಲವನ್ನು ಸ್ಮಾರ್ಟ್ ಸಿಟಿ ಕಂಪನಿ ಅಗೆದು ಮಾಡಿದೆ. ಕಂಟೋನ್ಮೆಂಟ್ ರಕ್ಷಣಾ ಸಚಿವಾಲಯದ ಕೆಳಗಿರುವುದರಿಂದ ಅದಕ್ಕೆ ಕೇಂದ್ರದ ಮಾಹಿತಿ ಹಕ್ಕು ಅರ್ಜಿ, ಪಾಲಿಕೆಗೆ ರಾಜ್ಯದ ಅರ್ಜಿ.

ಎರಡನೇ ದಿನ: ಹಿರೇಬಾಗೇವಾಡಿ, ಕಿತ್ತೂರು

ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಧಾರವಾಡದ ಕಡೆಗೆ. ಹಿರೇಬಾಗೇವಾಡಿಯಲ್ಲಿ ಟೋಲ್. ಉತ್ತರಕ್ಕೆ ಹೋದರೆ ಹತ್ತರಗಿ, ಗಡಿಯಲ್ಲಿ ಕೊಗನೊಳ್ಳಿ. ಟೋಲ್ ಕೊಡಬೇಕೇ ಬೇಡವೇ ಎಂದು ಇಲ್ಲಿ ನಡೆಯುವ ವಾದದಲ್ಲಿ ಅರ್ಧ ಸರಿ, ಅರ್ಧ ತಪ್ಪು, ಆದ್ದರಿಂದ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ಆಧಾರ 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು. ಒಂದೇ ಭಾಗದಲ್ಲಿ, ಒಂದೇ ದಿಕ್ಕಿಗೆ 60 ಕಿಲೋಮೀಟರಿನೊಳಗೆ ಇನ್ನೊಂದು ಟೋಲ್ ಇರಬಾರದು ಎಂಬ ಮಾತು 8ನೇ ನಿಯಮದಲ್ಲಿದೆ. ಆದರೆ ಕಾರಣವನ್ನು ಬರಹದಲ್ಲಿ ದಾಖಲಿಸಿ ಅದಕ್ಕಿಂತ ಹತ್ತಿರ ಇಡಬಹುದು ಎಂಬ ಮಾತೂ ಅಲ್ಲೇ ಇದೆ. ಹಾಗಾಗಿ ಬೂತಿನ ಹುಡುಗನ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ಹೆದ್ದಾರಿ ಪ್ರಾಧಿಕಾರಕ್ಕೆ 'ಈ ಟೋಲಿನ ಜಾಗ ನಿಗದಿ ಮಾಡಿದಾಗ ದಾಖಲಿಸಿದ ಕಾರಣಗಳ ಪ್ರತಿ' ಎಂದು ಕೇಳಬೇಕು. ನೂರು ಮೀಟರ್ ದಾಟಿ ಸಾಲು ನಿಂತರೆ ಶುಲ್ಕ ಬೇಡ ಎಂಬ 2021ರ ಸೂಚನೆಯನ್ನು ಈಗಲೂ ಹಲವರು ಹೇಳುತ್ತಾರೆ. ಅದನ್ನು 2024ರಲ್ಲಿ ಹಿಂದಕ್ಕೆ ಪಡೆದಿದ್ದಾರೆ, ಆ ವಾದ ನಿಲ್ಲುವುದಿಲ್ಲ.

ನಿಲ್ಲುವ ಹಕ್ಕುಗಳು ಬೇರೆ ಇವೆ. ಟೋಲಿನಿಂದ 20 ಕಿಲೋಮೀಟರಿನೊಳಗೆ ಮನೆ ಇದ್ದು ಸ್ವಂತ ಬಳಕೆಯ ಗಾಡಿ ಇದ್ದರೆ ತಿಂಗಳ ಪಾಸು ಸಿಗುತ್ತದೆ. ನಿಯಮದಲ್ಲಿ ಅದರ ಮೂಲ ದರ 2007-08ಕ್ಕೆ 150 ರೂಪಾಯಿ, ಅಲ್ಲಿಂದ ವರ್ಷಕ್ಕಿಷ್ಟು ಏರುತ್ತ ಬಂದಿದೆ. ಆರ್‌ಸಿ, ವಿಳಾಸದ ದಾಖಲೆ ಬೇಕು. ತಿರಸ್ಕರಿಸಲು ನಿಯಮದಲ್ಲಿರುವ ಒಂದು ಕಾರಣ, ಸರ್ವಿಸ್ ರಸ್ತೆಯೋ ಬೇರೆ ದಾರಿಯೋ ಇದೆ ಎಂಬುದು. ಹಾಗೆಂದರೆ ಆ ಸರ್ವಿಸ್ ರಸ್ತೆ ಎಲ್ಲಿಂದ ಎಲ್ಲಿಗೆ ಇದೆ ಎಂದು ಬರೆದುಕೊಡಲು ಹೇಳಿ. 24 ಗಂಟೆಯೊಳಗೆ ಮರಳಿದರೆ ಒಟ್ಟು ಒಂದೂವರೆ ಪಟ್ಟು, ಎರಡು ಪಟ್ಟಲ್ಲ. ದರ ಏರುವುದು ಏಪ್ರಿಲ್ 1ಕ್ಕೆ: ಶೇ 3, ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ 40. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ 200 ದಾಟುವಿಕೆಯ ವಾರ್ಷಿಕ ಪಾಸು ಬಂತು. ಅದು ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ, ರಾಜ್ಯ ಹೆದ್ದಾರಿಯ ಟೋಲಿನಲ್ಲಿ ನಡೆಯುವುದಿಲ್ಲ. ಕೆಟ್ಟು ನಿಂತರೆ, ಅಪಘಾತವಾದರೆ, ಹೆಚ್ಚು ಹಣ ಕಡಿತವಾದರೆ 1033. ದೂರಿನ ಸಂಖ್ಯೆ ಬರೆದುಕೊಳ್ಳದೆ ಫೋನ್ ಇಡಬೇಡಿ.

ಕಿತ್ತೂರಿನ ದಾರಿಯಲ್ಲಿ ಕಾಣದೆ ಇರುವುದು ಒಂದಿದೆ, ರೈಲು ಹಳಿ. ಧಾರವಾಡ–ಕಿತ್ತೂರು–ಬೆಳಗಾವಿ ನೇರ ಮಾರ್ಗ 73 ಕಿಲೋಮೀಟರ್. ಈಗ ಗಾಡಿಗಳು ಲೋಂಡಾ ಸುತ್ತಿ 121 ಕಿಲೋಮೀಟರ್ ಓಡುತ್ತವೆ. 2020ರಲ್ಲಿ 927.40 ಕೋಟಿ ರೂಪಾಯಿಗೆ ಮಂಜೂರಾತಿ ಬಂತು. ಅದಕ್ಕಾಗಿ ದುಡಿದ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ ಅದೇ ಸೆಪ್ಟೆಂಬರ್ 23ರಂದು ತೀರಿಕೊಂಡರು. ವೆಚ್ಚದಲ್ಲಿ ಅರ್ಧ ರಾಜ್ಯದ್ದು, ಭೂಮಿಯನ್ನೂ ರಾಜ್ಯವೇ ಕೊಡಬೇಕು.

ಇಂಥ ಯೋಜನೆ ನಡೆಯುತ್ತಿದೆಯೋ ಮಲಗಿದೆಯೋ ಎಂದು ಭಾಷಣದಿಂದ ತಿಳಿಯುವುದಿಲ್ಲ, ಪಿಂಕ್ ಬುಕ್ಕಿನಿಂದ ತಿಳಿಯುತ್ತದೆ. ಬಜೆಟ್ ಆದ ಮೇಲೆ ರೈಲ್ವೆ ತನ್ನ ಜಾಲತಾಣದಲ್ಲಿ ವಲಯವಾರು ಹಾಕುವ ಕಾಮಗಾರಿ ಪುಸ್ತಕ ಅದು. ನಮ್ಮದು ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ನೈಋತ್ಯ ರೈಲ್ವೆ. ಅದರಲ್ಲಿ 'ಹೊಸ ಮಾರ್ಗ' ತಲೆಬರಹದಡಿ ಕಾಮಗಾರಿಯ ಸಾಲು ಹುಡುಕಿ, ಒಟ್ಟು ಅಂದಾಜು, ಈವರೆಗಿನ ಖರ್ಚು, ಈ ವರ್ಷದ ಹಂಚಿಕೆ ಮೂರನ್ನೂ ಬರೆದುಕೊಳ್ಳಿ. ಹಂಚಿಕೆ ಒಂದು ಸಾವಿರ ರೂಪಾಯಿ ಎಂದಿದ್ದರೆ ಹೆಸರು ಉಳಿಸಲು ಇಟ್ಟ ಹಣ ಅದು, ಆ ವರ್ಷ ಕೆಲಸವಿಲ್ಲ. ಮೂರು ವರ್ಷದ ಸಾಲು ಪಕ್ಕಪಕ್ಕ ಇಟ್ಟರೆ ಸಂಸದರ ಎದುರು ಬೇರೆ ಮಾತೇ ಬೇಕಾಗುವುದಿಲ್ಲ.

ಮೂರನೇ ದಿನ: ರೈಲಿನಲ್ಲಿ ಕುಡಚಿಯವರೆಗೆ

ಮಿರಜ್ ಕಡೆಯ ಪ್ಯಾಸೆಂಜರಿನಲ್ಲಿ ಕಿಟಕಿ ಪಕ್ಕ. ಸುಳೇಭಾವಿ, ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ. ನಿಲ್ದಾಣದ ಹೆಸರಿನಲ್ಲಿ 'ರೋಡ್' ಇದ್ದರೆ ಊರು ಅಲ್ಲಿಲ್ಲ ಎಂದೇ ಅರ್ಥ, ಅಲ್ಲಿಂದ ಊರಿಗೆ ರಸ್ತೆ ಇದೆ ಅಷ್ಟೇ. ಗೋಕಾಕ ರೋಡ್ ನಿಲ್ದಾಣ ಅಮೃತ ಭಾರತ ಯೋಜನೆಯಲ್ಲಿ ಹೊಸದಾಗಿ 2025ರ ಮೇ 22ರಂದು ಬಾಗಲಕೋಟೆಯ ಜೊತೆಗೇ ಉದ್ಘಾಟನೆಗೊಂಡಿತು. ಆದರೆ ರಾತ್ರಿ ಗಾಡಿ ಇಳಿದವರಿಗೆ ಊರು ಮುಟ್ಟಲು ಬಸ್ ಇದೆಯೇ ಎಂಬುದು ರೈಲ್ವೆಯ ಕಾಗದದಲ್ಲಿ ಇರುವುದೇ ಇಲ್ಲ, ಅದು ಸಾರಿಗೆ ಸಂಸ್ಥೆಯ ಘಟಕ (ಡಿಪೊ) ವ್ಯವಸ್ಥಾಪಕರ ಕೈಯಲ್ಲಿದೆ. ರೈಲಿನ ವೇಳಾಪಟ್ಟಿ ಬದಲಾದಾಗ ಬಸ್ಸಿನ ವೇಳೆ ತಾನಾಗಿ ಬದಲಾಗುವುದಿಲ್ಲ, ಯಾರಾದರೂ ಹೊಸ ವೇಳೆಯನ್ನು ಬರೆದು ಘಟಕಕ್ಕೆ ಕೊಡಬೇಕು.

ಈ ಮಾರ್ಗದ ನಿಜವಾದ ವಿಷಯ ಗೇಟುಗಳು. ಪ್ರತಿ ಗೇಟಿಗೂ ಒಂದು ಸಂಖ್ಯೆ, ಅದರ ಫಲಕ ಅಲ್ಲೇ ಇರುತ್ತದೆ. ವಿದ್ಯುತ್ ಕಂಬದ ಮೇಲೆ ಕಿಲೋಮೀಟರ್ ಮತ್ತು ಕಂಬದ ಸಂಖ್ಯೆ ಗೀರು ಹಾಕಿ ಬರೆದಿರುತ್ತದೆ. 'ರಾಯಬಾಗದ ಹತ್ತಿರದ ಗೇಟು' ಎಂದು ಬರೆದ ದೂರು ಎಲ್ಲಿಗೂ ಹೋಗುವುದಿಲ್ಲ, ಗೇಟಿನ ಸಂಖ್ಯೆ, ಕಂಬದ ಸಂಖ್ಯೆ ಬರೆದದ್ದು ನೇರ ಸೆಕ್ಷನ್ ಎಂಜಿನಿಯರ ಮೇಜಿಗೆ ಹೋಗುತ್ತದೆ.

ಗೇಟಿನ ಬದಲು ಮೇಲ್ಸೇತುವೆ ಬೇಕೆಂದರೆ ರೈಲ್ವೆ ನೋಡುವುದು ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್) ಎಂಬ ಒಂದು ಅಂಕಿಯನ್ನು: ದಿನಕ್ಕೆ ಓಡುವ ರೈಲುಗಳ ಸಂಖ್ಯೆಯನ್ನು ದಿನಕ್ಕೆ ದಾಟುವ ವಾಹನಗಳ ಘಟಕಗಳಿಂದ ಗುಣಿಸಿದ್ದು. ಒಂದು ಲಕ್ಷ ಮುಟ್ಟಿದರೆ ರಾಜ್ಯದ ಜೊತೆ ವೆಚ್ಚ ಹಂಚಿಕೊಂಡು ಕಟ್ಟುವ ಪಟ್ಟಿಗೆ ಬರುತ್ತದೆ. ಎಣಿಕೆ ನಡೆಯುವುದು ಏಳು ದಿನ. ಆ ಏಳು ದಿನ ಯಾವುದು? ನಮ್ಮ ಕಡೆ ಎಲ್ಲವೂ ಇಲ್ಲೇ ತಪ್ಪುವುದು. ಜೂನ್‌ನಲ್ಲಿ ಎಣಿಸಿದರೆ ರಾಯಬಾಗದ ಗೇಟು ಖಾಲಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಅದೇ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರೇಲರ್ ಎಳೆದುಕೊಂಡು ಸಾಲುಗಟ್ಟುತ್ತವೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ, ಚಕ್ಕಡಿ, ಟೆಂಪೋ, ನಡೆದು ಬರುವ ಜನ. ಆದ್ದರಿಂದ ಅರ್ಜಿಯಲ್ಲಿ 'ಕೊನೆಯ ಟಿವಿಯು ಎಣಿಕೆಯ ಆರಂಭ ಮತ್ತು ಮುಕ್ತಾಯದ ದಿನಾಂಕ, ಎಣಿಕೆ ಹಾಳೆಗಳ ಪ್ರತಿ' ಕೇಳಿ. ದಿನಾಂಕ ಮಳೆಗಾಲದ್ದಾದರೆ ಹಂಗಾಮಿನಲ್ಲಿ ಮರು ಎಣಿಕೆ ಮಾಡಬೇಕೆಂದು ಹುಬ್ಬಳ್ಳಿ ವಿಭಾಗೀಯ ವ್ಯವಸ್ಥಾಪಕರಿಗೆ ಬರೆಯಲು ಆಧಾರ ಸಿಕ್ಕಂತೆ. ಕೈಯಲ್ಲಿ ನಿಮ್ಮದೇ ಏಳು ದಿನದ ಎಣಿಕೆ ಇದ್ದರೆ ಇನ್ನೂ ಬಲ: ಇಬ್ಬರು, ಎರಡು ಪಾಳಿ, ಗಂಟೆಗೊಂದು ಸಾಲು, ಲಾರಿ, ಟ್ರ್ಯಾಕ್ಟರ್, ಕಾರು, ಬೈಕು, ಚಕ್ಕಡಿ ಬೇರೆ ಬೇರೆ.

ಕೆಲವೆಡೆ ಗೇಟು ಮುಚ್ಚಿ ತಗ್ಗಾದ ಕೆಳಸೇತುವೆ ಮಾಡಿದ್ದಾರೆ. ಗೇಟಿಗೆ ಕಾಯುವುದು ತಪ್ಪಿತು, ಆದರೆ ಮಳೆಗಾಲದಲ್ಲಿ ನೀರು. ಕಾರಣ ಗುಟ್ಟಿನದೇನಲ್ಲ. ಹಳಿಯ ಅಡಿಯ ಕಾಂಕ್ರೀಟ್ ಪೆಟ್ಟಿಗೆಯನ್ನು ನೆಲದ ಮಟ್ಟಕ್ಕಿಂತ ಕೆಳಗೆ ಇಳಿಸಿರುತ್ತಾರೆ. ಎರಡೂ ಕಡೆಯ ಇಳಿಜಾರು ರಸ್ತೆಯ ನೀರನ್ನೆಲ್ಲ ಒಳಕ್ಕೆ ಹರಿಸುತ್ತದೆ. ಎರೆ ನೆಲ ನೀರು ಕುಡಿಯುವುದಿಲ್ಲ. ಘಟಪ್ರಭಾ ಎಡದಂಡೆ ಕಾಲುವೆಯ ಆಯಕಟ್ಟಿನಲ್ಲಿ ಬೇಸಿಗೆಯಲ್ಲೂ ಗೋಡೆಯ ಸಂದಿಯಿಂದ ಬಸಿಯುವ ನೀರು ಬೇರೆ. ಚರಂಡಿಯ ಹೊರಬಾಯಿ ಪೆಟ್ಟಿಗೆಯ ನೆಲಕ್ಕಿಂತ ಎತ್ತರದಲ್ಲಿದ್ದರೆ ಪಂಪಿಲ್ಲದೆ ನೀರು ಹೋಗುವುದೇ ಇಲ್ಲ, ಕರೆಂಟ್ ಹೋದರೆ ಪಂಪೂ ಇಲ್ಲ. ನೋಡಬೇಕಾದ್ದು: ಇಳಿಜಾರಿನ ಬಾಯಿಯಲ್ಲಿ ಹೊರಗಿನ ನೀರು ತಡೆಯುವ ಉಬ್ಬು ಇದೆಯೇ, ಅಡ್ಡಚರಂಡಿಯ ಜಾಲರಿ ಮಣ್ಣು ಕಟ್ಟಿದೆಯೇ, ಮೇಲೆ ತಗಡಿನ ಹೊದಿಕೆ ಇದೆಯೇ, ಪಂಪಿಗೆ ಬಿಡಿ ಜನರೇಟರ್ ಇದೆಯೇ. ಎತ್ತರದ ಫಲಕವನ್ನೂ ಟೇಪಿನಿಂದ ಪರೀಕ್ಷಿಸಿ. ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿದರೆ ಫಲಕದ ಅಂಕಿ ಸುಳ್ಳಾಗುತ್ತದೆ, ಕಬ್ಬಿನ ಹೇರು ಸಿಕ್ಕಿಹಾಕಿಕೊಳ್ಳುವುದು ಹಾಗೆ.

ನಾಲ್ಕನೇ ದಿನ: ಕುಡಚಿಯಿಂದ ಬಾಗಲಕೋಟೆಗೆ ಬಸ್ಸಿನಲ್ಲಿ

ತೇರದಾಳ, ಬನಹಟ್ಟಿ, ಜಮಖಂಡಿ, ಮುಧೋಳ, ಲೋಕಾಪುರ. ಈ ದಾರಿಯ ಜನ ರೈಲಿಗಾಗಿ ಕಾಯುತ್ತಿರುವುದು 2010-11ರಿಂದ. ಬಾಗಲಕೋಟೆ–ಕುಡಚಿ ಹೊಸ ಮಾರ್ಗ 142 ಕಿಲೋಮೀಟರ್, ಇಲ್ಲೂ ಅರ್ಧ ವೆಚ್ಚ ಮತ್ತು ಭೂಮಿ ರಾಜ್ಯದ್ದು. ಬಾಗಲಕೋಟೆಯಿಂದ ಖಜ್ಜಿಡೋಣಿವರೆಗೆ ಸುಮಾರು 30 ಕಿಲೋಮೀಟರ್ ಮೊದಲು ಮುಗಿಯಿತು, ಅಲ್ಲಿಂದ ಕೆಲಸ ಲೋಕಾಪುರದ ಕಡೆಗೆ ಸಾಗಿತು. ನೇಕಾರರ ರಬಕವಿ-ಬನಹಟ್ಟಿ, ಸಕ್ಕರೆ ಕಾರ್ಖಾನೆಗಳ ಮುಧೋಳ-ಜಮಖಂಡಿ ಇರುವುದು ಉಳಿದ ಉದ್ದದಲ್ಲೇ, ಸರಕು ಹೆಚ್ಚು ಇರುವುದೂ ಅಲ್ಲೇ.

ಭೂಸ್ವಾಧೀನ ನಿಂತಿದೆ ಎಂಬ ಉತ್ತರ ಸಾಮಾನ್ಯ. ಅದನ್ನು ಅಲ್ಲಿಗೇ ಬಿಡಬಾರದು. ಯಾವ ಕಾಯ್ದೆಯಡಿ ಸ್ವಾಧೀನ ಎಂಬುದು ಮೊದಲ ಪ್ರಶ್ನೆ. 2013ರ ಭೂಸ್ವಾಧೀನ ಕಾಯ್ದೆಯಾದರೆ 11ನೇ ಕಲಮಿನ ಅಧಿಸೂಚನೆಯಿಂದ 12 ತಿಂಗಳೊಳಗೆ 19ನೇ ಕಲಮಿನ ಘೋಷಣೆ ಬರಬೇಕು, ಘೋಷಣೆಯಿಂದ 12 ತಿಂಗಳೊಳಗೆ ಐತೀರ್ಪು, ಅಂದರೆ ಪರಿಹಾರ ಗೊತ್ತುಮಾಡುವ ಆದೇಶ. ತಪ್ಪಿದರೆ, ಅವಧಿ ವಿಸ್ತರಿಸದಿದ್ದರೆ, ಪ್ರಕ್ರಿಯೆ ಬಿದ್ದುಹೋಗುತ್ತದೆ. ಊರುವಾರು ಈ ಮೂರು ದಿನಾಂಕ ಮತ್ತು ಎಷ್ಟು ಎಕರೆ ರೈಲ್ವೆಗೆ ಹಸ್ತಾಂತರವಾಗಿದೆ ಎಂಬ ಪಟ್ಟಿಯನ್ನು ವಿಶೇಷ ಭೂಸ್ವಾಧೀನಾಧಿಕಾರಿಯಿಂದ ಕೇಳಿ. ಹಳಿ ಹಾಕಿದ ಮೇಲೂ ಪ್ರಯಾಣಿಕರ ಗಾಡಿ ತಕ್ಷಣ ಓಡದು: ರೈಲ್ವೆ ಸುರಕ್ಷತಾ ಆಯುಕ್ತರ ಪರಿಶೀಲನೆ ಆಗಬೇಕು, ಅವರು ರೈಲ್ವೆಗೆ ಅಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ತಡವಾದರೆ ಅವರ ಷರತ್ತುಗಳ ಪ್ರತಿ ನೋಡಿದಾಗ ಬಾಕಿ ಕೆಲಸ ಯಾವುದೆಂದು ತಿಳಿಯುತ್ತದೆ.

ಬಸ್ಸಿನ ಕಿಟಕಿಯಿಂದ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡುತ್ತ ಹೋಗಿ. ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮ ಸಡಕ್. ಬಣ್ಣ ಬದಲಾದ ಕಡೆ ಹೊಣೆಗಾರರು ಬದಲಾದರು. ಹಳದಿ ಕಂಡ ಮಾತ್ರಕ್ಕೆ ಪ್ರಾಧಿಕಾರದ್ದೇ ಎಂದುಕೊಳ್ಳಬೇಡಿ, ಎಷ್ಟೋ ರಾಷ್ಟ್ರೀಯ ಹೆದ್ದಾರಿಗಳನ್ನು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವೇ ನೋಡಿಕೊಳ್ಳುತ್ತದೆ. ಗ್ರಾಮ ಸಡಕ್ ಆದರೆ ಗುತ್ತಿಗೆದಾರರಿಗೇ ಐದು ವರ್ಷ ನಿರ್ವಹಣೆಯ ಕರಾರು ಇರುತ್ತದೆ, ಮುಗಿದ ದಿನಾಂಕ ಊರ ಬಾಯಿಯ ಫಲಕದ ಮೇಲಿರುತ್ತದೆ. ಮೂರನೇ ವರ್ಷಕ್ಕೇ ಹೊಸ ಟೆಂಡರ್ ಕರೆದು ಅದೇ ಗುಂಡಿ ಮುಚ್ಚಿದರೆ ಒಂದೇ ಕೆಲಸಕ್ಕೆ ಎರಡು ಸಲ ಹಣ ಹೋಯಿತು. ಮಾಡಿದ ಕೆಲಸವನ್ನು ಎಂಜಿನಿಯರ್ ಅಳೆದು ಬರೆದಿಡುವ ಅಳತೆ ಪುಸ್ತಕದ ಪ್ರತಿ ಕೇಳುವುದು ಇಂಥಲ್ಲಿ.

ಐದನೇ ದಿನ: ಕೃಷ್ಣೆ ದಾಟಿ

ಬಾಗಲಕೋಟೆಯಿಂದ ವಿಜಯಪುರಕ್ಕೆ ಎರಡು ದಾರಿ. ರಸ್ತೆಯಲ್ಲಿ ಕೊರ್ತಿ-ಕೊಲ್ಹಾರ ಸೇತುವೆ, ಆಲಮಟ್ಟಿ ಹಿನ್ನೀರಿನ ಮೇಲೆ. ರೈಲಿನಲ್ಲಿ ಸೀತಿಮನಿ ದಾಟಿ ಆಲಮಟ್ಟಿ, ಕೂಡಗಿ, ಬಸವನ ಬಾಗೇವಾಡಿ ರೋಡ್. ಇಲ್ಲೂ 'ರೋಡ್' ಎಂಬ ಮಾತು ಸುಳ್ಳು ಹೇಳುವುದಿಲ್ಲ, ಬಸವಣ್ಣನ ಊರು ನಿಲ್ದಾಣದಿಂದ ದೂರ. ಗದಗ–ಹೋಟಗಿ ಮಾರ್ಗ 284 ಕಿಲೋಮೀಟರ್. ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರಕ್ಕೆ ಕಲ್ಲಿದ್ದಲು ಬರುವುದು ಹಳಿಯ ಮೇಲೆಯೇ. ಐವತ್ತೆಂಟು ವ್ಯಾಗನ್ನಿನ ರೇಕ್ ದಾಟುವವರೆಗೆ ಗೇಟು ತೆಗೆಯದು. ಆಂಬುಲೆನ್ಸ್ ನಿಲ್ಲುವ ಗೇಟು ಯಾವುದೆಂದು ಆ ಊರಿನವರಿಗೆ ಗೊತ್ತಿರುತ್ತದೆ, ಅದರ ಸಂಖ್ಯೆ ಬರೆದುಕೊಳ್ಳಿ.

ನದಿ ದಾಟಿದ ಕೂಡಲೇ ಬಸ್ಸಿನ ಸಂಸ್ಥೆಯೂ ಬದಲು. ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ ವಿಭಾಗಗಳು ಹುಬ್ಬಳ್ಳಿಯ ವಾಯವ್ಯ ಸಾರಿಗೆಗೆ, ವಿಜಯಪುರ ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆಗೆ. ಬಾಗಲಕೋಟೆ–ವಿಜಯಪುರ ನಡುವಿನ ಬಸ್ಸಿನ ಬಗ್ಗೆ ದೂರು ಕೊಡುವಾಗ ಬಸ್ಸಿನ ಬದಿಯ ಹೆಸರು, ನೋಂದಣಿ ಸಂಖ್ಯೆ, ಟಿಕೆಟಿನ ಮೇಲಿನ ಘಟಕದ ಹೆಸರು ಮೂರೂ ಬೇಕು.

ಆರನೇ ದಿನ: ವಿಜಯಪುರದಲ್ಲಿ ಕೂತು ಬರೆಯುವುದು

ಐದು ದಿನದ ಟಿಪ್ಪಣಿಯನ್ನು ತುಂಡುತುಂಡಾಗಿ ಬಿಡಿಸಿ. ರೈಲ್ವೆ, ಹೆದ್ದಾರಿ ಪ್ರಾಧಿಕಾರ, ಕಂಟೋನ್ಮೆಂಟ್ ಒಂದು ಕಡೆ: ಕೇಂದ್ರದ ಆರ್‌ಟಿಐ ಜಾಲತಾಣ, 500 ಪದದ ಮಿತಿ. ಲೋಕೋಪಯೋಗಿ, ಪಾಲಿಕೆ, ಸಾರಿಗೆ ಸಂಸ್ಥೆ, ಭೂಸ್ವಾಧೀನ ಇನ್ನೊಂದು ಕಡೆ: ರಾಜ್ಯದ ನಿಯಮ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಈ ಮಿತಿ ಮೀರಿದ್ದಕ್ಕೇ ಎಷ್ಟೋ ಅರ್ಜಿ ವಾಪಸಾಗುತ್ತವೆ. ಶುಲ್ಕ ಎರಡಕ್ಕೂ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ.

'ಯಾಕೆ' ಎಂದು ಬರೆಯಬೇಡಿ. ಮಾಹಿತಿ ಹಕ್ಕು ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ಹೊಸ ವಿವರಣೆಯನ್ನಲ್ಲ. ಹೀಗೆ ಬರೆಯಿರಿ: ಗೇಟ್ ಸಂಖ್ಯೆ ಇಂತಿಷ್ಟರ ಬದಲಿಗೆ ಕಟ್ಟಿದ ಕೆಳಸೇತುವೆಯ ಮಂಜೂರಾದ ನಕ್ಷೆಯ ಪ್ರತಿ, ಕೆಲಸ ಮುಗಿದ ಪ್ರಮಾಣ ಪತ್ರ, ದೋಷ ಹೊಣೆ ಅವಧಿ (ಗುತ್ತಿಗೆದಾರರೇ ದೋಷ ಸರಿಪಡಿಸಬೇಕಾದ ಕಾಲ) ಮುಗಿಯುವ ದಿನಾಂಕ, ಹಸ್ತಾಂತರ ಪತ್ರ, ಕಳೆದ ಎರಡು ಮಳೆಗಾಲದ ಪಂಪ್ ನಿರ್ವಹಣೆಯ ಲಾಗ್ ಪುಸ್ತಕ. ಕೊನೆಗೆ 2(ಜೆ) ಕಲಮಿನಡಿ ಕಾಮಗಾರಿಯನ್ನೇ ಖುದ್ದು ಪರಿಶೀಲಿಸಲು ದಿನ ಗೊತ್ತುಮಾಡಿ ಎಂದು ಸೇರಿಸಿ. ಡಾಂಬರಿನ ಮಾದರಿ ತೆಗೆದುಕೊಳ್ಳುವ ಹಕ್ಕೂ ಅದೇ ಕಲಮಿನಲ್ಲಿದೆ, ಬಹಳ ಜನ ಬಳಸುವುದಿಲ್ಲ. ತಪ್ಪು ಕಚೇರಿಗೆ ಹೋದರೂ ಹೆದರಬೇಕಿಲ್ಲ, 6(3)ರಂತೆ ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು. ಬದುವಿನ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ: 'ನಮಗೆ ಸಂಬಂಧಿಸಿಲ್ಲ' ಎಂದವರು ಯಾರಿಗೆ ಸಂಬಂಧಿಸಿದೆ ಎಂದು ಬರೆದುಕೊಡಲೇಬೇಕಾಗುತ್ತದೆ.

ತುರ್ತಿನದಕ್ಕೆ ಬೇರೆ ದಾರಿ. ಗಾಡಿಯೊಳಗಿನ ತೊಂದರೆಗೆ 139, ಪಿಎನ್‌ಆರ್ ಅಥವಾ ಕಾಯ್ದಿರಿಸದ ಟಿಕೆಟಿನ ಸಂಖ್ಯೆ ಕೈಯಲ್ಲಿರಲಿ. ರಾಜ್ಯದ ಇಲಾಖೆಗಳಿಗೆ 1902. ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹತ್ತದಿದ್ದರೆ ಪೂರ್ತಿ ಹಣ ವಾಪಸು, ಇ-ಟಿಕೆಟಾದರೆ ಗಾಡಿ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸು ಕೇಳುವ ಆನ್‌ಲೈನ್ ಅರ್ಜಿ) ಹಾಕಬೇಕು. ತಡಕ್ಕೆ ಕಾರಣ ತನ್ನ ಕೈಮೀರಿದ್ದೆಂದು ರೈಲ್ವೆ ರುಜುವಾತು ಮಾಡದಿದ್ದರೆ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಹೇಳಿದೆ. ಸೇವೆಯ ದೋಷಕ್ಕೆ ಬೆಳಗಾವಿಯ ಕಾಯಂ ಜನತಾ ನ್ಯಾಯಾಲಯವೂ ಇದೆ, ಸಾರಿಗೆ ಅದರ ವ್ಯಾಪ್ತಿಯ ಸೇವೆ, ಕೋರ್ಟ್ ಶುಲ್ಕವಿಲ್ಲ. ರಸ್ತೆಯ ದೋಷದಿಂದ ಜೀವ ಹೋಗಿದ್ದರೆ ಎಫ್‌ಐಆರ್‌ನಲ್ಲಿ ಮೋಟಾರು ವಾಹನ ಕಾಯ್ದೆಯ 198ಎ ಸೇರಿಸಲು ಲಿಖಿತವಾಗಿ ಕೇಳಿ. ಗುತ್ತಿಗೆದಾರರಿಗೂ ಅಧಿಕಾರಿಗಳಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡದ ಕಲಮು ಅದು. ಸವಾರನ ಅಜಾಗರೂಕತೆ ಎಂದಷ್ಟೇ ಬರೆದು ಮುಗಿಸುವುದು ಸತ್ತವರಿಗೆ ಮಾಡುವ ಎರಡನೇ ಅನ್ಯಾಯ.

ಅರ್ಜಿಯನ್ನು ಕೈಯಾರೆ ಕೊಡುವುದಾದರೆ ಆವಕ-ಜಾವಕ ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸಿಕ್ಕಾ, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಆ ತಾರೀಖಿನಿಂದ 30 ದಿನ. ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಆದೇಶದಿಂದ 90 ದಿನದೊಳಗೆ ಎರಡನೆಯದು. ರೈಲ್ವೆಯದಾದರೆ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ, ರಾಜ್ಯದ್ದಾದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಜನ ಸೋಲುವುದು ಹೆಚ್ಚಾಗಿ ತಾರೀಖಿನಲ್ಲಿ. ಹಾಗಾಗಿ ಅರ್ಜಿ ಬರೆದ ದಿನವೇ ಮೇಲ್ಮನವಿಯ ಕಾಗದವನ್ನೂ ಬರೆದು, ಆವಕ ಸಂಖ್ಯೆ ತುಂಬಿ, 31ನೇ ದಿನದ ತಾರೀಖು ಹಾಕಿ, ಅದೇ ಲಕೋಟೆಯ ಹಿಂದೆ ಪಿನ್ನು ಚುಚ್ಚಿಡಿ.